ಬಸವಾಪಟ್ಟಣವೂ ಸೂಳೆಕೆರೆಯ ಕಣಿವೆಯೂ

ಮೈಸೂರು ಸೀಮೆಯ ಪಾಳೆಯಗಾರರ ಚರಿತ್ರೆಯೆಂದರೆ ಚಿತ್ರದುರ್ಗ, ಕೆಳದಿ, ಮಾಗಡಿ ಮುಂತಾದ ಮನೆತನಗಳ ಹೆಸರುಗಳು ಮೊದಲು ನೆನಪಿಗೆ ಬರುವುವು. ಕೆಳದಿಯ ಅರಸರಿಗೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಂತಹ ಗ್ರಂಥವು ದೊರೆಯಿತು, ದುರ್ಗದವರಿಗೆ ಗಟ್ಟಿಯಾದ ಕಲ್ಲಿನ ಕೋಟೆಯೂ, ಅದನ್ನು ಮರೆಯದ ಜನರ ಬಾಯ ಕಥೆಗಳೂ ಉಳಿದುವು. ಬಸವಾಪಟ್ಟಣದ ನಾಯಕರಿಗೆ ಈ ಎರಡು ಭಾಗ್ಯಗಳೂ ಅಷ್ಟಾಗಿ ಒದಗಲಿಲ್ಲ. ಅವರ ಹೆಸರು ಇಂದು ಬಹುಮಟ್ಟಿಗೆ ತರೀಕೆರೆಯ ಪಾಳೆಯಗಾರರೆಂದೇ ಪ್ರಸಿದ್ಧವಾಗಿದೆ. ಅವರ ಮೂಲ ರಾಜಧಾನಿಯು ಚನ್ನಗಿರಿ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯಸ್ಥಳವಾಗಿ ಉಳಿದಿದೆ. ಆದರೆ ಕ್ರಿ. ಶ. ೧೬೮೭ರಲ್ಲಿ ಮೊಗಲರು ಕನ್ನಡನಾಡಿನ ತಮ್ಮ ಹೊಸ ಸುಬಾವನ್ನು ಏರ್ಪಡಿಸಿದಾಗ ಅದರ ಏಳು ಪರಗಣೆಗಳ ಪಟ್ಟಿಯಲ್ಲಿ ಮೊದಲು ಬಂದ ಹೆಸರು ಬಸವಾಪಟ್ಟಣವೇ. ಪಟ್ಟಿಯ ಮೊದಲನೆಯ ಊರು ಹೋಬಳಿಯ ಊರಾಗಿ ಇಳಿದುದು ಹೇಗೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯವು. ಊರೊಂದನ್ನೇ ನೋಡಿದರೆ ಇದು ತಿಳಿಯತಕ್ಕುದಲ್ಲ. ಸುತ್ತಣ ಕಣಿವೆಯನ್ನೂ ಅದರ ಪೇಟೆಗಳನ್ನೂ ಕೆರೆಯನ್ನೂ ಕೂಡಿಸಿ ನೋಡಬೇಕು.

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಬಸವಾಪಟ್ಟಣವೆಂಬ ಹೆಸರಿನ ಊರು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲೂ ಒಂದುಂಟು. ಬಿಜಾಪುರದ ಮತ್ತು ಮೊಗಲರ ಕಾಲದ ಬರಹಗಳಲ್ಲಿ ಬರುವ ಬಸವಾಪಟ್ಟಣವು ಅದಲ್ಲ. ಇಕ್ಕೇರಿ, ಹರಿಹರ, ಸಂತೆಬೆನ್ನೂರುಗಳ ಪ್ರಸ್ತಾಪದೊಡನೆ ಬರುವುದೆಲ್ಲವೂ ತುಂಗಭದ್ರೆಯ ಪೂರ್ವಕ್ಕಿರುವ ಈ ಬಸವಾಪಟ್ಟಣವೇ ಎಂದು ತಿಳಿಯಬೇಕು.

ಈ ಊರು ಇರುವ ಎಡೆಯನ್ನು ಭೂಪಟದಲ್ಲಿ ನೋಡಿದವರಿಗೆ ಅದರ ಪೂರ್ವದ ಪ್ರಾಮುಖ್ಯವು ತಾನಾಗಿಯೇ ಹೊಳೆಯುವುದು. ಪಶ್ಚಿಮಕ್ಕೆ ಸುಮಾರು ಹನ್ನೆರಡು ಮೈಲಿಗಳ ದೂರದಲ್ಲಿ ತುಂಗಭದ್ರೆಯ ದಡದ ಹೊನ್ನಾಳಿ. ಪೂರ್ವಕ್ಕೆ ಅಷ್ಟೇ ದೂರದಲ್ಲಿ ಸಂತೆಬೆನ್ನೂರು. ಉತ್ತರಕ್ಕೆ ಇಪ್ಪತ್ತು ಮೈಲಿಗಳ ಆಚೆ ಹರಿಹರ. ದಕ್ಷಿಣ ಆಗ್ನೇಯಕ್ಕೆ ಹದಿನಾಲ್ಕು ಹದಿನೈದು ಮೈಲಿಗಳಲ್ಲಿ ಚನ್ನಗಿರಿ. ನಡುವೆ ಗುಡ್ಡಗಳ ಸಾಲು. ಆ ಸಾಲಿನ ಒಂದು ಕಡೆಗೆ ಮಲೆನಾಡಿನ ಅಡಕೆ, ಮೆಣಸು, ಬೆಲ್ಲ; ಇನ್ನೊಂದು ಕಡೆಗೆ ಬಯಲುಸೀಮೆಯ ಜೋಳ, ಹತ್ತಿ, ದನಕರು. ಈ ಎರಡು ನಾಡುಗಳ ಸರಕು ಕೈ ಬದಲಾಯಿಸಬೇಕಾದ ಗಡಿಯ ಮೇಲೆಯೇ ಬಸವಾಪಟ್ಟಣವು ಕುಳಿತಿದೆ. ಊರುಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಬೆನ್ನೂರೆಂಬ ಊರುಗಳು ಇಲ್ಲಿ ಎರಡು. ಒಂದು ಮಲೆಬೆನ್ನೂರು, ಮತ್ತೊಂದು ಸಂತೆಬೆನ್ನೂರು. ಒಂದನ್ನು ಮಲೆಯಿಂದಲೂ ಮತ್ತೊಂದನ್ನು ಸಂತೆಯಿಂದಲೂ ಗುರುತಿಸಿಕೊಂಡ ಜನರಿಗೆ ತಮ್ಮ ಸೀಮೆಯ ಸ್ವರೂಪವು ಚೆನ್ನಾಗಿ ತಿಳಿದಿತ್ತೆಂದು ಹೇಳಬೇಕು.

ಈ ಕಣಿವೆಯ ಹೃದಯವು ಸೂಳೆಕೆರೆ. ಶಾಂತಿಸಾಗರವೆಂಬ ಹೆಸರೂ ಇದಕ್ಕುಂಟು. ಹರಿದ್ರಾ ನದಿಯು ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಹಾಯ್ದು ಉತ್ತರಕ್ಕೆ ಹೋಗಿ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವುದು; ಆ ಇಕ್ಕಟ್ಟಿನಲ್ಲಿಯೇ ಏರಿಯನ್ನು ಕಟ್ಟಿದ್ದಾರೆ. ಏರಿಯ ಉದ್ದವು ಸುಮಾರು ೯೫೦ ಅಡಿ ಮಾತ್ರ. ಇಷ್ಟು ಚಿಕ್ಕ ಏರಿಯ ಹಿಂದೆ ೬,೫೫೦ ಎಕರೆಗಳಷ್ಟು ನೀರು ಹರಡಿ ನಿಲ್ಲುವುದು. ಜಲಾನಯನ ಪ್ರದೇಶವು ೮೧,೦೦೦ ಎಕರೆಗಳಿಗೂ ಮಿಕ್ಕಿದೆ. ಸ್ಥಳವನ್ನು ಆರಿಸಿದವರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಈ ಲೆಕ್ಕವೇ ಸಾಕು. ಏರಿಗೆ ಸಿದ್ಧ ಮತ್ತು ಬಸವ ಎಂಬ ಎರಡು ತೂಬುಗಳಿವೆ. ಅವುಗಳಿಂದ ಹೊರಡುವ ಕಾಲುವೆಗಳಿಗೂ ಅವೇ ಹೆಸರುಗಳು.

ಹಿಂದಿನ ಗ್ರಂಥಗಳಲ್ಲಿ, ವಿಶೇಷವಾಗಿ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ, ಈ ಕೆರೆಯ ಸುತ್ತಳತೆಯು ೪೦ ಮೈಲಿಗಳೆಂದು ಹೇಳಿದೆ. ಅದನ್ನು ನೋಡಿ ಬರೆದವರೆಲ್ಲರೂ ಅದನ್ನೇ ಹೇಳುತ್ತ ಬಂದರು. ಈಚಿನ ಅಳತೆಯ ಪ್ರಕಾರ ಸುತ್ತಳತೆಯು ಸುಮಾರು ೩೦ ಕಿಲೋಮೀಟರು, ಎಂದರೆ ೧೯ ಮೈಲಿಗಳಿಗಿಂತ ಹೆಚ್ಚಿಲ್ಲ. ಕೆರೆಯ ಅಂಚಿನ ಕೊರಕಲು ತಿರುವುಗಳನ್ನೆಲ್ಲ ಹಿಡಿದು ಅಳೆದರೆ ಸಂಖ್ಯೆಯು ಬೆಳೆಯುವುದು ಸಹಜ. ಆದರೂ ಎರಡು ಪಾಲಿಗಿಂತ ಹೆಚ್ಚಿನ ಅಂತರವು ಅದರಿಂದ ಮಾತ್ರ ಹುಟ್ಟಲಾರದು. ಏಷ್ಯಾ ಖಂಡದಲ್ಲಿಯೇ ಎರಡನೆಯ ದೊಡ್ಡ ಕೆರೆಯೆಂಬ ಮಾತೂ ಇಂತಹದೇ. ಕೆರೆಯ ಹಿರಿಮೆಗೆ ಈ ಉತ್ಪ್ರೇಕ್ಷೆಗಳ ಅಗತ್ಯವಿಲ್ಲ. ಗೆಜೆಟಿಯರು ಹೇಳಿದ ಇನ್ನೊಂದು ಮಾತು ಮಾತ್ರ ಬಹು ಬೆಲೆಯುಳ್ಳದ್ದು: ಏರಿಯು ಉದ್ದದಲ್ಲಿ ದೊಡ್ಡದಲ್ಲದಿದ್ದರೂ ಅಗಲದಲ್ಲಿಯೂ ಎತ್ತರದಲ್ಲಿಯೂ ಅಸಾಧಾರಣವಾದುದು, ಸಂಪೂರ್ಣ ನೆಟ್ಟಗಿಲ್ಲದಿದ್ದರೂ ಶತಮಾನಗಳ ಪ್ರವಾಹಗಳನ್ನು ತಡೆದು ನಿಂತಿದೆ, ಆದರೆ ನೀರಿನ ಒತ್ತಡವು ಅಧಿಕವಾದ ಕಾರಣ ಇಷ್ಟು ದೊಡ್ಡ ಕೆರೆಯಿಂದ ನಿರೀಕ್ಷಿಸಬಹುದಾದಷ್ಟು ಭೂಮಿಗೆ ನೀರು ಹಾಯಲಿಲ್ಲ. ನೀರು ಬೇಕಾದಷ್ಟಿದ್ದರೂ ಅದನ್ನು ಹೊರಗೆ ಬಿಡುವುದೇ ಕಷ್ಟವಾಗಿತ್ತೆಂದು ಇದರ ತಾತ್ಪರ್ಯ. ಬಸವಾಪಟ್ಟಣದ ರಾಜ್ಯದ ಆದಾಯವನ್ನು ಊಹಿಸುವವರು ಈ ಮಾತನ್ನು ಮರೆಯಬಾರದು. ಆ ನಾಯಕರ ಬೊಕ್ಕಸವು ಕೆರೆಯ ಕೆಳಗಿನ ಗದ್ದೆಗಳಿಗಿಂತ ದಾರಿಯ ಸುಂಕವನ್ನೇ ಹೆಚ್ಚಾಗಿ ನೆಚ್ಚಿತ್ತೆಂದು ತೋರುತ್ತದೆ.

ಕೆರೆಯ ಹುಟ್ಟಿನ ಐತಿಹ್ಯವು ಎಲ್ಲರಿಗೂ ತಿಳಿದಿರುವುದೇ. ಸ್ವರ್ಗಾವತಿಯೆಂಬ ಪಟ್ಟಣದ ಅರಸನ ಮಗಳು ಶಾಂತವ್ವೆಯು ತನ್ನಿಂದಾದ ದೋಷದ ಪ್ರಾಯಶ್ಚಿತ್ತಕ್ಕಾಗಿ ಈ ಕೆರೆಯನ್ನು ಕಟ್ಟಿಸಿದಳು. ನೀರು ನಿಂತು ತಂದೆಯ ಪಟ್ಟಣವೇ ಮುಳುಗಿತು. ತಂದೆಯು ಕೋಪದಿಂದ ಅವಳನ್ನು ಸೂಳೆಯೆಂದು ಶಪಿಸಿದನು. ಆ ಹೆಸರು ಕೆರೆಗೆ ಅಂಟಿತು. ಇನ್ನೊಂದು ಪಾಠದಲ್ಲಿ ಕೆರೆಯ ಸ್ಥಳವು ವೇಶ್ಯೆಯರ ಕೇರಿಯಾಗಿತ್ತು, ತಮ್ಮ ಹೆಸರನ್ನು ಇಟ್ಟರೆ ಮಾತ್ರ ಬಿಟ್ಟುಕೊಡುವೆವೆಂದು ಅವರು ಹೇಳಿದರು. ಎರಡನೆಯ ಪಾಠದಲ್ಲಿ ಶಾಪವು ಕರಾರಾಗಿ ಮಾರ್ಪಟ್ಟಿರುವುದನ್ನು ಗಮನಿಸಬೇಕು. ಅರಸುಮಗಳಿಗೆ ಬಂದ ಅಪಕೀರ್ತಿಯನ್ನು ತೊಡೆಯಲು ಹಿಂದಿನವರು ಮಾಡಿದ ಯತ್ನವು ಅದರಲ್ಲಿ ಕಾಣುವುದು. ಆದುದರಿಂದ ಮೊದಲನೆಯದೇ ಹಳೆಯದೆಂದು ಎಣಿಸುವುದು ನ್ಯಾಯ. ಕೆರೆಯನ್ನು ಸಾಮಾನ್ಯವಾಗಿ ಹನ್ನೊಂದು ಹನ್ನೆರಡನೆಯ ಶತಮಾನಗಳಿಗೆ ಸೇರಿದುದೆಂದು ಹೇಳುವರು. ಪ್ರಕೃತಕ್ಕೆ ಮುಖ್ಯವಾದುದು ಇಷ್ಟು: ಈ ಕಣಿವೆಯ ಜನರ ನೆನಪಿನಲ್ಲಿ ಮೊಟ್ಟಮೊದಲ ರಾಜಧಾನಿಯು ನೀರಿನ ಕೆಳಗಿದೆ.

ರಾಜಧಾನಿಯು ಮುಳುಗಿ ಮತ್ತೊಂದು ಕಣಿವೆಯಲ್ಲಿ ಏಳುವ ಸಂಗತಿಯು ಕೇವಲ ಕಥೆಯೆಂದು ನಗುವಂತಿಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ ಸ್ಪೇನಿನವರು ಕಟ್ಟಿದ ರಾಜಧಾನಿಯು ೧೫೪೧ರಲ್ಲಿ ಅಗ್ನಿಪರ್ವತದ ಮೈಯಿಂದ ಇಳಿದ ಕೆಸರುನೀರಿನಲ್ಲಿ ಹೂತುಹೋಯಿತು. ಸಮೀಪದ ಪಾಂಚೋಯ್ ಕಣಿವೆಯಲ್ಲಿ ಹೊಸದನ್ನು ಕಟ್ಟಿದರು. ಅದು ೧೭೭೩ರ ಭೂಕಂಪದಲ್ಲಿ ಕೆಡೆಯಿತು. ೧೭೭೬ರಲ್ಲಿ ಮತ್ತೊಂದು ಕಣಿವೆಗೆ ಹೋದರು. ಬಿಟ್ಟುಹೋದ ಊರುಗಳೆರಡೂ ಪಾಳಾಗಲಿಲ್ಲ. ಹಳೆಯ ಪಟ್ಟಣ, ಪುರಾತನ ಪಟ್ಟಣ ಎಂಬ ಅರ್ಥದ ಹೆಸರುಗಳಿಂದ ಸಣ್ಣ ಊರುಗಳಾಗಿ ಬದುಕಿದುವು. ಅಲ್ಲಿ ಪ್ರಕೃತಿಯು ಮಾಡಿದುದನ್ನು ಇಲ್ಲಿ ಸೇನೆಗಳು ಮಾಡಿದುವು. ನೆರೆಯ ಕೆಳದಿಯ ಅರಸರೂ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಹೋದವರೇ. ಆದರೆ ಅವರು ಪ್ರತಿಯೊಂದು ಸಲವೂ ಕಾಡಿನ ಒಳಕ್ಕೆ, ರಕ್ಷಣೆಯುಳ್ಳ ಎಡೆಗೆ ಹೋದರು; ರಾಜ್ಯವು ಅವರ ಕೈಯಲ್ಲಿಯೇ ಉಳಿಯಿತು. ಬಸವಾಪಟ್ಟಣದವರಾದರೋ ರಾಜಧಾನಿಯೊಡನೆ ಕಣಿವೆಯನ್ನೂ ಕಳೆದುಕೊಂಡರು.

ಈ ಮನೆತನದ ಮೂಲಪುರುಷನು ಧೂಮರಾಜನೆಂದು ಪ್ರತೀತಿ. ಅವನ ತರುವಾಯ ಬರುವ ಹೆಸರುಗಳು ಕೆಂಗಪ್ಪನಾಯಕ, ಹನುಮಪ್ಪನಾಯಕ, ಕೆಂಗ ಹನುಮಪ್ಪನಾಯಕ ಎಂದು ಮುಂತಾಗಿವೆ. ವಿಜಯನಗರದ ಅರಸರಿಗೆ ಅಧೀನರಾಗಿ ಇವರು ಏಳಿಗೆಗೆ ಬಂದರು. ೧೫೬೫ರಲ್ಲಿ ವಿಜಯನಗರದ ಪ್ರಾಬಲ್ಯವು ಕುಗ್ಗಿದ ಮೇಲೆ ಹರಿಹರವನ್ನು ವಶಮಾಡಿಕೊಂಡು ಅಲ್ಲಿ ಕೋಟೆಯನ್ನು ಕಟ್ಟಿಸಿದವರು ಈ ಮನೆತನದವರೇ. ಹೊಯ್ಸಳರ ಮಂತ್ರಿಯಾದ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ದೇವಾಲಯವುಳ್ಳ ಆ ಕ್ಷೇತ್ರವು ಕೈಸೇರಿದ್ದು ಕೇವಲ ಪುಣ್ಯದ ಮಾತಲ್ಲ. ತುಂಗಭದ್ರೆಯನ್ನು ದಾಟುವ ದಾರಿಯು ಕೈಸೇರಿದಂತಾಯಿತು. ಹೀಗೆ ತೆಂಕಲು ಸೂಳೆಕೆರೆಯಿಂದ ಬಡಗಲು ಹರಿಹರದವರೆಗೆ ಹರಿದ್ರೆಯ ಕಣಿವೆಯು ಒಂದೇ ಮನೆತನದ ಅಂಕೆಯಲ್ಲಿ ಬಂದುದು ಆ ಕಾಲದಲ್ಲಿ.

ಇವರ ಐಶ್ವರ್ಯದ ದಿನಗಳಿಗೆ ಉಳಿದಿರುವ ಉತ್ತಮ ಸಾಕ್ಷ್ಯವು ಬಸವಾಪಟ್ಟಣದಲ್ಲಿಲ್ಲ, ಸಂತೆಬೆನ್ನೂರಿನಲ್ಲಿದೆ. ಅಲ್ಲಿನ ಪುಷ್ಕರಿಣಿಯನ್ನು ಜನರು ಹೊಂಡವೆಂದೇ ಕರೆಯುವರು. ಸುಮಾರು ೨೫೦ ಅಡಿಗಳ ಅಳತೆಯ ಚೌಕನಾದ ಕೊಳ. ನಾಲ್ಕು ಕಡೆಗಳಲ್ಲಿಯೂ ಕಲ್ಲಿನ ಮೆಟ್ಟಿಲುಗಳು. ಅಂಚಿನ ಮೇಲೆ ಗೋಪುರದಂತಹ ಮಂಟಪಗಳು. ನೀರಿನ ನಟ್ಟನಡುವೆ ವಸಂತಮಂಟಪ. ಇದರ ಕಂಬ ಕಮಾನುಗಳಲ್ಲಿ ವಿಜಯನಗರದ ಶಿಲ್ಪವೂ ಸುಲ್ತಾನರ ನಾಡಿನ ಶಿಲ್ಪವೂ ಬೆರೆತಿವೆ. ಹಂಪೆಯ ಕಮಲಮಹಲನ್ನು ನೋಡಿದವರಿಗೆ ಈ ಬೆರಕೆಯು ಹೊಸತೆನಿಸದು. ಕೊಳದ ಮುಂದುಗಡೆ ಮುಸಾಫಿರಖಾನೆಯೆಂಬ ಉದ್ದನೆಯ ಕಲ್ಲುಕಟ್ಟಡವಿದೆ. ಅದು ನಿಂತಿರುವ ಎಡೆಯಲ್ಲಿ ಹಿಂದೆ ರಂಗನಾಥನ ದೇವಾಲಯವಿತ್ತೆಂದೂ, ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಅದನ್ನು ಕೆಡಹಿಸಿ ಇದನ್ನು ಕಟ್ಟಿಸಿದನೆಂದೂ ಹೇಳಿಕೆಯುಂಟು. ಎರಡು ಕಟ್ಟಡಗಳೂ ಭಾರತದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ.

ಕೊಳವನ್ನು ಕಟ್ಟಿಸಿದವನು ಕೆಂಗ ಹನುಮಪ್ಪನಾಯಕನೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಾಲದ ವಿಷಯದಲ್ಲಿ ಮಾತ್ರ ತೊಡಕುಂಟು. ಸಾಮಾನ್ಯವಾಗಿ ಇದನ್ನು ಹದಿನಾರನೆಯ ಶತಮಾನದ ಕೆಲಸವೆನ್ನುವರು. ಮತ್ತು ಅದೇ ಉಸಿರಿನಲ್ಲಿ, ಕಟ್ಟಿಸಿದ ನಾಯಕನ ಕಣ್ಣ ಮುಂದೆಯೇ ರಣದುಲ್ಲಾಖಾನನು ಬಂದು ದೇವಾಲಯವನ್ನು ಕೆಡಹಿಸಿದನೆಂದು ಹೇಳುವರು. ರಣದುಲ್ಲಾಖಾನನ ದಂಡಯಾತ್ರೆಗಳು ೧೬೩೭ರಿಂದ ಮುಂದಿನವು. ಹದಿನಾರನೆಯ ಶತಮಾನದಲ್ಲಿ ಕೊಳವನ್ನು ಕಟ್ಟಿಸುವಷ್ಟು ಪ್ರಬುದ್ಧನಾಗಿದ್ದವನು ೧೬೩೯ರಲ್ಲಿ ಕೋಟೆಯ ಮೇಲೆ ನಿಂತು ಕಾದಿದನೆಂಬುದು ಅಸಾಧ್ಯವಲ್ಲದಿದ್ದರೂ ನಂಬಲು ಕಷ್ಟ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯು ನಮ್ಮಲ್ಲಿ ಸರ್ವಸಾಮಾನ್ಯ. ಒಂದೇ ಹೆಸರಿನ ಇಬ್ಬರನ್ನು ಜನರ ನೆನಪು ಒಬ್ಬನನ್ನಾಗಿ ಮಾಡಿದೆಯೆಂದು ಭಾವಿಸಿದರೆ ಎರಡು ಮಾತುಗಳಿಗೂ ಎಡೆ ದೊರೆಯುವುದು. ಹಾಗಲ್ಲದೆ ಒಬ್ಬನೇ ಎಂದು ಹಟ ಹಿಡಿಯುವವರು ಕೊಳವನ್ನು ಹದಿನೇಳನೆಯ ಶತಮಾನದ ಮೊದಲ ಭಾಗಕ್ಕೆ ತರಬೇಕಾಗುವುದು. ಶಿಲ್ಪದ ಬೆರಕೆಯನ್ನು ನೋಡಿದರೆ ಅದಕ್ಕೂ ದೊಡ್ಡ ಅಡ್ಡಿಯೇನೂ ಕಾಣದು. ಹದಿನಾರನೆಯ ಶತಮಾನವನ್ನೂ ಒಬ್ಬನೇ ನಾಯಕನನ್ನೂ ಎರಡನ್ನೂ ಉಳಿಸಿಕೊಳ್ಳುವುದು ಮಾತ್ರ ಸಲ್ಲದು.

ಇನ್ನು ಯುದ್ಧದ ವಿಷಯ. ಬಿಜಾಪುರದ ಮಹಮ್ಮದ್ ಆದಿಲಶಹನ (೧೬೨೭–೧೬೫೬) ಆಳಿಕೆಯ ಚರಿತ್ರೆಯಾದ ‘ಮುಹಮ್ಮದ್‌ನಾಮಾ’ ಎಂಬ ಪಾರಸಿ ಗ್ರಂಥದಲ್ಲಿ ಬಸವಾಪಟ್ಟಣದ ಕೆಂಗೆನಾಯಕನ ಹೆಸರು ಸ್ಪಷ್ಟವಾಗಿ ಬರುತ್ತದೆ. ಇಕ್ಕೇರಿಯ ವೀರಭದ್ರನಾಯಕನಿಗೂ (೧೬೨೯–೧೬೪೫) ಇವನಿಗೂ ವೈರವಿತ್ತು. ವೈರದ ಬೀಜವನ್ನು ದೂರ ಹುಡುಕಬೇಕಾದುದಿಲ್ಲ. ಇಕ್ಕೇರಿಯವರು ಘಟ್ಟದ ಸರಕನ್ನು ಬಯಲಿಗೆ ಇಳಿಸಬೇಕು. ಇಳಿಯುವ ದಾರಿಯಲ್ಲಿ ಬಸವಾಪಟ್ಟಣದವರು ಕುಳಿತಿದ್ದಾರೆ. ಕೆಂಗೆನಾಯಕನು ತನ್ನ ಬಲವೊಂದರಿಂದ ಇಕ್ಕೇರಿಯನ್ನು ಮಣಿಸಲಾರದೆ ಬಿಜಾಪುರದವರನ್ನು ಕರೆದನು. ರಣದುಲ್ಲಾಖಾನನು, ಅವನ ಬಿರುದಿನಿಂದ ಹೇಳುವುದಾದರೆ ರುಸ್ತುಮ್ ಜಮಾನನು, ದೊಡ್ಡ ದಂಡಿನೊಡನೆ ಬಂದನು. ಕಾಡಿನ ದಾರಿಗಳನ್ನು ಬಲ್ಲ ನೆರೆಯವನ ನೆರವಿದ್ದ ಮೇಲೆ ಇಕ್ಕೇರಿಯು ಎಷ್ಟು ದಿನ ನಿಲ್ಲಬಲ್ಲದು? ೧೬೩೭ರ ಕೊನೆಯಲ್ಲಿ ಅದು ಶತ್ರುವಶವಾಯಿತು. ವೀರಭದ್ರನಾಯಕನು ಕವಲೇದುರ್ಗಕ್ಕೆ ಸರಿದು, ಹೇರಳವಾದ ಹೊನ್ನನ್ನು ಕೊಟ್ಟು ಸಂಧಿ ಮಾಡಿಕೊಂಡನು. ಕೆಲವು ಕಾಲದಲ್ಲಿಯೇ ಅವರ ರಾಜಧಾನಿಯು ಬಿದನೂರಿಗೆ ಹೋಯಿತು.

ಕೆಂಗೆನಾಯಕನ ಮನಸ್ಸು ಇಲ್ಲಿ ಏನಾಗಿತ್ತೆಂಬುದನ್ನು ಪಾರಸಿಯ ಆಸ್ಥಾನ ಲೇಖಕನಿಂದ ತಿಳಿಯುವಂತಿಲ್ಲ. ಅವನ ಕಣ್ಣಿಗೆ ಕೆಂಗೆನಾಯಕನು ಮೊದಲು ಸೇವಕನು, ಬಳಿಕ ದ್ರೋಹಿ. ನಡುವೆ ಬೇರೆ ಬಣ್ಣವಿಲ್ಲ. ಆದರೆ ಸಂಗತಿಗಳು ನಡೆದ ಕ್ರಮವನ್ನು ನೋಡಿದರೆ ನಾಯಕನ ಇಕ್ಕಟ್ಟು ತಿಳಿಯದೆ ಹೋಗದು. ಇಕ್ಕೇರಿಯನ್ನು ಗೆದ್ದ ಸೇನೆಯು ತಿರುಗಿ ಹೋಗಲಿಲ್ಲ. ೧೬೩೮ರಲ್ಲಿ ಅದು ಸಿರಾವನ್ನು ಹಿಡಿದು, ಕೆಂಪೇಗೌಡರ ಬೆಂಗಳೂರನ್ನೂ ತೆಗೆದುಕೊಂಡಿತು. ಬೆಂಗಳೂರು ಶಹಾಜಿಯ ವಶಕ್ಕೆ ಬಂತು. ೧೬೩೯ರ ಮೊದಲಲ್ಲಿ ಶ್ರೀರಂಗಪಟ್ಟಣದ ಗೋಡೆಗಳವರೆಗೂ ಹೋಗಿ ಕಂಠೀರವ ನರಸರಾಜ ಒಡೆಯರಿಂದ ಏಟು ತಿಂದಿತು. ನೆರೆಯ ವೈರಿಯನ್ನು ಬಡಿಯಲೆಂದು ಕರೆತಂದ ಬಲವು ನಾಡಿಗೆ ನಾಡನ್ನೇ ನುಂಗುತ್ತಿರುವುದನ್ನು ಕಂಡವನು, ಅದು ಮೈಸೂರಿನಲ್ಲಿ ಸೋತುದನ್ನೂ ಕೇಳಿದವನು, ತಲೆಯೆತ್ತಲು ಅದೇ ಸಮಯವೆಂದು ಬಗೆದನು. ಕೆಂಗೆನಾಯಕನು ಬಿಜಾಪುರದ ಅಧೀನತೆಯನ್ನು ಕಿತ್ತೊಗೆದನು.

ರಣದುಲ್ಲಾಖಾನನು ಬಸವಾಪಟ್ಟಣದ ಮೇಲೆಯೇ ತಿರುಗಿದನು. ಮುತ್ತಿಗೆಯಲ್ಲಿ ಮುಂದಾಳಾಗಿ ಹೆಸರು ಪಡೆದವನು ಅಫಜಲಖಾನ. ಮುಂದೆ ೧೬೫೯ರಲ್ಲಿ ಪ್ರತಾಪಗಡದಲ್ಲಿ ಶಿವಾಜಿಯಿಂದ ಹತನಾದವನು ಇವನೇ. ಮುತ್ತಿಗೆಯಲ್ಲಿದ್ದ ಕಾಲಾಳುಗಳ ಮತ್ತು ಮಡಿದವರ ಸಂಖ್ಯೆಗಳನ್ನು ಆಸ್ಥಾನದ ಲೇಖಕನು ಧಾರಾಳವಾಗಿ ಕೊಟ್ಟಿದ್ದಾನೆ. ಅಂತಹ ಸಂಖ್ಯೆಗಳನ್ನು ಇಲ್ಲಿ ಎತ್ತಿ ಹೇಳುವುದರಿಂದ ಪ್ರಯೋಜನವಿಲ್ಲ. ಕೋಟೆಯು ಬಿದ್ದಿತು, ನಾಯಕನು ಶರಣಾದನು. ಬಸವಾಪಟ್ಟಣವು ಸ್ವತಂತ್ರ ರಾಜಧಾನಿಯಾಗಿ ಮುಗಿದುದು ಅಲ್ಲಿಗೆ.

ಸಂತೆಬೆನ್ನೂರಿನ ಕಥೆಯ ಕೊನೆಯ ಭಾಗವು ಇದರ ತರುವಾಯದ್ದು. ಸೋತ ನಾಯಕನು ತರೀಕೆರೆಯ ಕಡೆಯ ಕಲ್ದುರ್ಗಕ್ಕೆ ಸರಿದಿದ್ದು, ಸಮಯ ನೋಡಿ ಇಳಿದು ಬಂದು, ಸಂತೆಬೆನ್ನೂರಿನಲ್ಲಿದ್ದ ಬಿಜಾಪುರದ ಅಧಿಕಾರಿಯನ್ನು ಕೊಂದನೆಂದೂ, ಆ ಕಟ್ಟಡದಲ್ಲಿ ಅಂದಿನಿಂದ ನಮಾಜು ನಡೆಯಲಿಲ್ಲವೆಂದೂ ಐತಿಹ್ಯವು ಹೇಳುವುದು. ಕಟ್ಟಡಕ್ಕೆ ಮಸೀದಿಯೆಂಬ ಹೆಸರು ನಿಲ್ಲದೆ, ಪ್ರಯಾಣಿಕರು ತಂಗುವ ಮುಸಾಫಿರಖಾನೆಯೆಂಬ ಹೆಸರು ನಿಂತುದಕ್ಕೆ ಇದು ಕಾರಣವಿರಬಹುದು. ಅಥವಾ ಮೊದಲಿನಿಂದಲೂ ಅದು ಬಿಡಾರವಾಗಿಯೇ ಇದ್ದು, ಕಥೆಯು ಹಿಂದಿನಿಂದ ಹುಟ್ಟಿರಬಹುದು. ಸಂತೆಯ ಊರಿನಲ್ಲಿ, ಕೊಳದ ಮಗ್ಗುಲಲ್ಲಿ, ದಾರಿಗರಿಗೆ ತಂಗುದಾಣವು ಬೇಕಾದುದು ಸಹಜವೇ. ಏನೇ ಇರಲಿ, ಗೆದ್ದವರ ಕಟ್ಟಡವೂ ಸೋತವರ ಕೊಳವೂ ಇನ್ನೂ ಎದುರುಬದುರಾಗಿ ನಿಂತಿವೆ.

ಬಸವಾಪಟ್ಟಣದ ಕೋಟೆಯು ಬಿದ್ದರೂ ಊರಿನ ಬೆಲೆಯು ಒಡನೆಯೇ ಇಳಿಯಲಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ನಾಯಕರು ಹೋದುದರಿಂದ ಪಟ್ಟಣವು ಹಾಳಾಯಿತೆಂದು ಬರೆಯುವ ವಾಡಿಕೆಯು ಸರಿಯಾದುದಲ್ಲ. ೧೬೮೬ರಲ್ಲಿ ಬಿಜಾಪುರವು ಔರಂಗಜೇಬನ ಕೈಸೇರಿತು. ಮರುವರ್ಷವೇ ಸಿರಾವನ್ನು ಮುಖ್ಯಸ್ಥಳವಾಗಿ ಮಾಡಿ ಹೊಸ ಸುಬಾವನ್ನು ಏರ್ಪಡಿಸಿ, ಖಾಸಿಂಖಾನನನ್ನು ಫೌಜುದಾರನಾಗಿ ನೇಮಿಸಿದರು. ಬಸವಾಪಟ್ಟಣ, ಬೂದಿಹಾಳು, ಸಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ನೇರವಾಗಿ ಸುಬಾಕ್ಕೆ ಸೇರಿದುವು. ಹರಪನಹಳ್ಳಿ, ಕೊಂದರ್ಪಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರು ಇವು ಕಪ್ಪ ಕೊಡತಕ್ಕ ಸಂಸ್ಥಾನಗಳು. ಈ ಏಳನ್ನು ಭೂಪಟದ ಮೇಲೆ ಗುರುತು ಮಾಡಿ ನೋಡಿದರೆ ಬಸವಾಪಟ್ಟಣವೊಂದೇ ಪಶ್ಚಿಮದ ತುತ್ತತುದಿಯಲ್ಲಿ ನಿಂತಿರುವುದು ಕಾಣುತ್ತದೆ. ಸಿರಾದಿಂದ ಅದು ನೇರವಾಗಿ ಅಳೆದರೂ ಎಪ್ಪತ್ತೈದು ಮೈಲಿಗಳಿಗಿಂತ ಹೆಚ್ಚು ದೂರ. ಅದರ ಆಚೆಗೆ ಬಿದನೂರಿನ ಸೀಮೆ; ಮಗ್ಗುಲಲ್ಲಿ ಚಿತ್ರದುರ್ಗದವರು. ಕಪ್ಪ ಕೊಡುವ ಎರಡು ಬಲವಾದ ಸಂಸ್ಥಾನಗಳ ನಡುವೆ ಮೊಗಲರು ಊರಿದ ಠಾಣೆಯದು. ನಾಯಕರಿಗೆ ಸುಂಕದ ಬಾಗಿಲಾಗಿದ್ದುದು ಸುಬೇದಾರರಿಗೆ ಕಾವಲಿನ ಬಾಗಿಲಾಯಿತು.

ಬಾಗಿಲಿನ ಕಷ್ಟವೂ ಅಲ್ಲಿಯೇ ಇದೆ. ಯಾರ ಕೈಗೆ ಬಲ ಬಂದರೂ ಮೊದಲು ಅದನ್ನೇ ತಟ್ಟುವರು. ಔರಂಗಜೇಬನ ತರುವಾಯ ಸಿರಾದ ಸುಬೇದಾರರು ದುರ್ಬಲರಾದಂತೆಲ್ಲ ಈ ಕಣಿವೆಯು ಯಾರ ಸೊತ್ತೂ ಅಲ್ಲದೆ ಎಲ್ಲರ ಸೊತ್ತೂ ಆಯಿತು. ಹರಿಹರದ ಗತಿಯನ್ನು ನೋಡಿದರೆ ಸಾಕು. ಅದನ್ನು ಸವಣೂರಿನ ನವಾಬರು ತೆಗೆದುಕೊಂಡು ಒಬ್ಬ ಸರದಾರನಿಗೆ ಜಹಗೀರು ಕೊಟ್ಟರು. ಬಳಿಕ ಅದನ್ನು ಬಿದನೂರಿನವರಿಗೆ ಒಂದು ಲಕ್ಷ ರೂಪಾಯಿಗೆ ಮಾರಿದರು. ಅವರಿಂದ ಮರಾಟೆಯವರು ಕಸಿದುಕೊಂಡರು. ೧೭೬೩ರಲ್ಲಿ ಹೈದರಾಲಿಯು ಹಿಡಿದನು. ಆ ಮೇಲೂ ಮೂರು ಸಲ ಮರಾಟೆಯವರ ಕೈಗೆ ಹೋಗಿ ಬಂತು. ದೇವರ ಊರು ಲಕ್ಷಕ್ಕೆ ಮಾರಾಟವಾದ ಈ ಸಂಗತಿಯು ಆ ಕಾಲದ ನೀತಿಗೆ ಕನ್ನಡಿಯಂತಿದೆ. ಒಂದೇ ಕಣಿವೆಯ ಒಂದೊಂದು ತುದಿಯು ಒಬ್ಬೊಬ್ಬರ ಕೈಯಲ್ಲಿರುವಾಗ, ಕಣಿವೆಯನ್ನು ಕೂಡಿಸಿ ಹಿಡಿಯುವುದಕ್ಕಾಗಿಯೇ ಹುಟ್ಟಿದ ರಾಜಧಾನಿಗೆ ಕೆಲಸವೇನು ಉಳಿಯಿತು? ಬಸವಾಪಟ್ಟಣವು ಇಳಿದುದಕ್ಕೆ ೧೬೩೯ರ ಮುತ್ತಿಗೆಗಿಂತ ಇದೇ ಬಲವಾದ ಕಾರಣವೆಂದು ತೋರುತ್ತದೆ.

ಚನ್ನಗಿರಿಯು ಬೆಳೆದುದೂ ಇದೇ ಕಾಲದಲ್ಲಿ. ಆ ಹೆಸರು ೧೬೭೧ರಿಂದ ೧೬೯೬ರವರೆಗೆ ಆಳಿದ ಕೆಳದಿಯ ರಾಣಿ ಚನ್ನಮ್ಮಾಜಿಯಿಂದ ಬಂದುದು. ಶಿವಾಜಿಯ ಮಗ ರಾಜಾರಾಮನಿಗೆ ೧೬೮೯ರಲ್ಲಿ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದ ರಾಣಿಯೇ ಈಕೆ. ಊರಿನ ಗುಡ್ಡದ ಮೇಲೆ ಕೋಟೆಯೂ ರಂಗನಾಥನ ಗುಡಿಯೂ ಇವೆ. ಮೊಗಲರ ಪರಗಣೆಯಾದ ಬಸವಾಪಟ್ಟಣಕ್ಕೆ ಹದಿನೈದು ಮೈಲಿಗಳಲ್ಲಿ ಕೆಳದಿಯ ರಾಣಿಯ ಹೆಸರಿನ ಗಿರಿಯೊಂದು ಎದ್ದುದು ಕಾಕತಾಳೀಯವೆನ್ನಲಾಗದು. ಇಂದು ತಾಲ್ಲೂಕಿನ ಕಚೇರಿಯೂ ಅಡಕೆಯ ದೊಡ್ಡ ವ್ಯಾಪಾರವೂ ಚನ್ನಗಿರಿಯಲ್ಲಿವೆ. ಪಶ್ಚಿಮದಲ್ಲಿ ಮಲೆನಾಡಿಗೂ ಬಯಲಿಗೂ ನಡುವಣ ವ್ಯಾಪಾರವನ್ನು ನ್ಯಾಮತಿಯ ವರ್ತಕರು ಹಿಡಿದರು. ಹೀಗೆ ಆಡಳಿತವು ಒಂದೆಡೆಗೆ, ವ್ಯಾಪಾರವು ಇನ್ನೊಂದೆಡೆಗೆ ಹಂಚಿಹೋದುವು.

ನಾಯಕರ ಮನೆತನವು ತರೀಕೆರೆಯಲ್ಲಿ ಮುಂದುವರಿಯಿತು. ತರೀಕೆರೆಯು ಬಸವಾಪಟ್ಟಣಕ್ಕೆ ಮೂವತ್ತು ಮೈಲಿಗಳಿಗೂ ಹೆಚ್ಚು ದಕ್ಷಿಣದಲ್ಲಿ, ಬಾಬಾಬುಡನ್ ಗಿರಿಗಳ ಬುಡದಲ್ಲಿದೆ. ಬೆನ್ನ ಹಿಂದೆ ಗಿರಿಗಳಿದ್ದುದರಿಂದ ಬಿದ್ದಾಗ ಅಡಗಲು ಎಡೆಯಿತ್ತು. ಆದರೆ ಹರಿದ್ರೆಯ ಕಣಿವೆಯ ಮೇಲಿನ ಹತೋಟಿಯು ಅಲ್ಲಿಂದ ಸಾಧ್ಯವಿರಲಿಲ್ಲ. ೧೭೬೧ರಲ್ಲಿ ಹೈದರಾಲಿಯು ತರೀಕೆರೆಯನ್ನೂ ವಶಪಡಿಸಿಕೊಂಡನು. ೧೭೯೯ರಲ್ಲಿ ಟಿಪ್ಪುವು ಮಡಿದು ಮೈಸೂರು ಸಂಸ್ಥಾನವು ಒಡೆಯರಿಗೆ ತಿರುಗಿ ಬಂದ ಮೇಲೆ ನಾಯಕರ ವಂಶದವರು ವರ್ಷಾಶನದ ಮೇಲೆ ಜೀವಿಸುವಂತಾಯಿತು.

ಆದರೂ ಹಳೆಯ ದಾರಿಯನ್ನು ಅವರು ಮರೆತಿರಲಿಲ್ಲ. ೧೮೩೦ರಲ್ಲಿ ನಗರದ ದಂಗೆಯು ಎದ್ದಿತು. ಹೊನ್ನಾಳಿಯ ಕಡೆಯವನಾದ ಬೂದಿ ಬಸವಪ್ಪನೆಂಬುವನು ತಾನೇ ಬಿದನೂರಿನ ವ್ಯಾಜ್ಯಸಿದ್ಧ ವಾರಸುದಾರನೆಂದು ಹೇಳಿಕೊಂಡು ರೈತರನ್ನು ಕೂಡಿಸಿದನು. ಕಂದಾಯದ ಭಾರದಿಂದ ನೊಂದಿದ್ದ ಜನರಿಗೆ ಅವನ ವಂಶವೃಕ್ಷವನ್ನು ಪರೀಕ್ಷಿಸುವ ವ್ಯವಧಾನವಿರಲಿಲ್ಲ. ಅದೇ ಸಮಯದಲ್ಲಿ ತರೀಕೆರೆಯ ಮನೆತನದ ರಂಗಪ್ಪನಾಯಕನು ಮೈಸೂರಿನಿಂದ ಗುಟ್ಟಾಗಿ ಹೊರಟು ಬಂದು ದಂಗೆಯವರನ್ನು ಕೂಡಿಕೊಂಡು ಕಲ್ದುರ್ಗವನ್ನೂ ಕಾಮನದುರ್ಗವನ್ನೂ ಹಿಡಿದನು. ಸಂತೆಬೆನ್ನೂರಿನ ಐತಿಹ್ಯದಲ್ಲಿ ಸೋತ ನಾಯಕನು ಅಡಗಿದ್ದ ಕಲ್ದುರ್ಗವೇ ಎರಡು ಶತಮಾನಗಳ ಮೇಲೆ ಮತ್ತೆ ಕಾಣಿಸಿಕೊಳ್ಳುವುದನ್ನು ನೋಡಿ, ಐತಿಹ್ಯವು ಹಳೆಯದೋ ಅಥವಾ ೧೮೩೦ರ ಸಂಗತಿಯೇ ಹಿಂದಕ್ಕೆ ಹೋಗಿ ಅದಕ್ಕೆ ಸೇರಿತೋ ಎಂಬ ಸಂಶಯವು ಬಾರದಿರದು. ಗಿರಿಯ ಬುಡದಲ್ಲಿದ್ದವರಿಗೆ ಗಿರಿಯ ಮೇಲಿನ ಕೋಟೆಯೇ ಆಸರೆಯಾದುದು ಎರಡು ಸಲವೂ ನಡೆದಿರಬಹುದಾದ ಮಾತು; ಆದುದರಿಂದ ಐತಿಹ್ಯವನ್ನು ಈ ಒಂದು ಕಾರಣದಿಂದ ತಳ್ಳಿಹಾಕುವುದು ಉಚಿತವಲ್ಲ.

ಹೊನ್ನಾಳಿಯ ಕೋಟೆಯನ್ನು ದಂಗೆಯವರು ಹಿಡಿದುದರಿಂದ ೧೮೩೧ರಲ್ಲಿ ಇಂಗ್ಲಿಷರ ದಂಡು ಅದನ್ನು ಮುತ್ತಬೇಕಾಯಿತು. ಆ ವರ್ಷವೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವು ಕಮಿಷನರುಗಳಿಗೆ ಹೋಗಿ, ೧೮೮೧ರವರೆಗೆ ತಿರುಗಿ ಬರಲಿಲ್ಲ. ಕಣಿವೆಯ ಈ ದಂಗೆಯಿಂದ ಇಡೀ ಸಂಸ್ಥಾನದ ಗತಿಯು ಬದಲಾಯಿತು. ದಂಗೆಯು ಅಡಗಿದ ಮೇಲೂ ಸರ್ಜಾ ಹನುಮಪ್ಪನಾಯಕನು ಕೆಲವು ಕಾಲ ಸಿಕ್ಕದೆ ತಿರುಗುತ್ತಿದ್ದನು. ಕೊನೆಗೆ ಸೆರೆಸಿಕ್ಕಿ ೧೮೩೪ರಲ್ಲಿ ಗಲ್ಲಿಗೇರಿದನು. ಹನುಮಪ್ಪನೆಂಬ ಹೆಸರು ಈ ವಂಶದ ಚರಿತ್ರೆಯಲ್ಲಿ ಕಡೆಯ ಸಲ ಕೇಳಿಬರುವುದು ಅಲ್ಲಿಯೇ.

ಬಸವಾಪಟ್ಟಣವು ಈ ಗಲಭೆಗಳಲ್ಲಿ ಹೆಸರಿಗೆ ಬರಲಿಲ್ಲ. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳೊಡನೆ ಅದು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ರೈಸ್ ಸಾಹೇಬರು ೧೯೦೨ರಲ್ಲಿ ಪ್ರಕಟಿಸಿದ ಕರ್ಣಾಟಕ ಶಾಸನಸಂಗ್ರಹದ ಏಳನೆಯ ಸಂಪುಟದಲ್ಲಿ ಈ ತಾಲ್ಲೂಕುಗಳ ಶಾಸನಗಳನ್ನು ನೋಡಬಹುದು. ೧೯೬೫ರಲ್ಲಿ ಪೂರ್ಣವಾದ ಭದ್ರಾ ಜಲಾಶಯದ ಕಾಲುವೆಗಳು ಈ ಸೀಮೆಗೆ ಬಂದ ಮೇಲೆ, ಸೂಳೆಕೆರೆಯ ತೂಬುಗಳು ಕೊಡಲಾರದೆ ಹೋದ ನೀರು ಬೇರೆ ದಾರಿಯಿಂದ ಹೊಲಗಳನ್ನು ಸೇರಿತು. ಜೋಳದ ನೆಲದಲ್ಲಿ ಬತ್ತವೂ ಅಡಕೆಯ ತೋಟಗಳೂ ಎದ್ದುವು. ೧೯೯೭ರ ಆಗಸ್ಟಿನಲ್ಲಿ ದಾವಣಗೆರೆ ಜಿಲ್ಲೆಯು ಹೊಸದಾಗಿ ಏರ್ಪಟ್ಟಾಗ ಚನ್ನಗಿರಿ, ಹೊನ್ನಾಳಿ, ಹರಿಹರಗಳು ಒಂದೇ ಜಿಲ್ಲೆಗೆ ಸೇರಿದುವು. ಸೂಳೆಕೆರೆಯಿಂದ ಹರಿದ್ರೆಯ ಸಂಗಮದವರೆಗಿನ ಕಣಿವೆಯು ಒಂದೇ ಕಚೇರಿಯ ಕೆಳಗೆ ಮತ್ತೆ ಕೂಡಿತು. ಕಚೇರಿಯು ಮಾತ್ರ ದಾವಣಗೆರೆಯಲ್ಲಿದೆ.